ದಿ ಲ್ಯಾನ್ಸೆಟ್

ದಿ ಲ್ಯಾನ್ಸೆಟ್ ಲಂಡನ್ನಿನಿಂದ ಪ್ರಕಟವಾಗುವ ಇಂಗ್ಲಿಷ್ ವೈದ್ಯಕೀಯ ವಾರಪತ್ರಿಕೆ. ಶಸ್ತ್ರವೈದ್ಯನೂ ಮುಂದೆ ಬ್ರಿಟಿಷ್ ಸಂಸತ್ತಿನ ಸದಸ್ಯನೂ ಆದ ಥಾಮಸ್ ವೇಕ್ಲಿ (1795–1862) ಇದನ್ನು 1823ರ ಅಕ್ಟೋಬರ್ 5ರಂದು ಆರಂಭಿಸಿದನು. ಜಗತ್ತಿನ ಅತ್ಯಂತ ಹಳೆಯ ಹಾಗೂ ಪ್ರಭಾವಶಾಲಿ ವೈದ್ಯಕೀಯ ನಿಯತಕಾಲಿಕೆಗಳಲ್ಲಿ ಇದೂ ಒಂದು. ಇಂದು ಇದು ಸಂಶೋಧನಾ ಲೇಖನಗಳ ಪತ್ರಿಕೆಯೆಂದು ಪ್ರಸಿದ್ಧವಾಗಿದ್ದರೂ ಹುಟ್ಟಿದ್ದು ಹೋರಾಟದ ಪತ್ರಿಕೆಯಾಗಿ. ಆಸ್ಪತ್ರೆಯ ಬಾಗಿಲುಗಳ ಹಿಂದೆ ನಡೆಯುವ ಸಂಗತಿಗಳನ್ನು ತಿಳಿಯುವ ಹಕ್ಕು ಸಾರ್ವಜನಿಕರಿಗೆ ಉಂಟು ಎಂಬುದು ಅದರ ಮೂಲ ವಾದವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ರಾಜಕೀಯ, ವೈದ್ಯಕೀಯ ಮತ್ತು ಸಾಹಿತ್ಯಕ ಪ್ರಕಾಶನಗಳು ಒಂದರೊಡನೊಂದು ಎಷ್ಟು ಹೆಣೆದುಕೊಂಡಿದ್ದವು ಎಂಬುದಕ್ಕೆ ಈ ಪತ್ರಿಕೆಯ ಚರಿತ್ರೆ ಉತ್ತಮ ನಿದರ್ಶನ.

ಹೆಸರಿನ ಅರ್ಥ

ಲ್ಯಾನ್ಸೆಟ್ ಎಂದರೆ ಎರಡೂ ಅಂಚು ಹರಿತವಾಗಿರುವ ಸಣ್ಣ ಶಸ್ತ್ರ. ರೋಗಿಯ ರಕ್ತ ತೆಗೆಯಲು ಮತ್ತು ಕೀವು ತುಂಬಿದ ಬಾವನ್ನು ಕೊಯ್ಯಲು ಅಂದಿನ ವೈದ್ಯರು ಇದನ್ನು ಬಳಸುತ್ತಿದ್ದರು. ಗಾಥಿಕ್ ಶೈಲಿಯ ಕಟ್ಟಡಗಳಲ್ಲಿ ಬೆಳಕು ಒಳಬರಲು ಇಡುವ, ತುದಿ ಚೂಪಾದ ಕಿರಿದಾದ ಕಿಟಕಿಗೂ ಇಂಗ್ಲಿಷಿನಲ್ಲಿ ಇದೇ ಹೆಸರಿದೆ. ಕೆಟ್ಟದ್ದನ್ನು ಕೊಯ್ದು ತೆಗೆಯುವುದು ಮತ್ತು ಕತ್ತಲೆಗೆ ಬೆಳಕು ತರುವುದು ಎಂಬ ಎರಡೂ ಅರ್ಥಗಳು ಪತ್ರಿಕೆಯ ಉದ್ದೇಶಕ್ಕೆ ಹೊಂದಿಕೊಂಡವು.

ಹಿನ್ನೆಲೆ

1820ರ ದಶಕದಲ್ಲಿ ಲಂಡನ್ನಿನ ಸೇಂಟ್ ಥಾಮಸ್, ಗೈಸ್, ಸೇಂಟ್ ಬಾರ್ಥಲೋಮ್ಯೂ ಮೊದಲಾದ ದೊಡ್ಡ ಆಸ್ಪತ್ರೆಗಳು ದಾನದತ್ತಿಗಳ ಮೇಲೆ ನಡೆಯುತ್ತಿದ್ದವು. ಅಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ಬಡವರು. ಶಸ್ತ್ರವೈದ್ಯರ ಮುಖ್ಯ ಆದಾಯ ಬರುತ್ತಿದ್ದುದು ಆಸ್ಪತ್ರೆಯ ಸಂಬಳದಿಂದಲ್ಲ. ಉಪನ್ಯಾಸ ಕೇಳಲು ವಿದ್ಯಾರ್ಥಿಗಳು ಕೊಡುತ್ತಿದ್ದ ಶುಲ್ಕದಿಂದ ಮತ್ತು ಹೊರಗಿನ ಶ್ರೀಮಂತ ರೋಗಿಗಳಿಂದ. ಆಸ್ಪತ್ರೆಯ ಹುದ್ದೆಗಳು ಬಹುಮಟ್ಟಿಗೆ ಹಿರಿಯ ವೈದ್ಯರ ಬಂಧುಗಳಿಗೂ ಅವರಿಗೆ ಹಣ ತೆತ್ತು ಶಿಷ್ಯರಾದವರಿಗೂ ಸಲ್ಲುತ್ತಿದ್ದವು. ಪರೀಕ್ಷೆ ನಡೆಸಿ ಪ್ರಮಾಣಪತ್ರ ನೀಡುತ್ತಿದ್ದ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಆಡಳಿತ ಮಂಡಳಿಯೂ ಇದೇ ಸಣ್ಣ ವಲಯದ ಕೈಯಲ್ಲಿತ್ತು. ಸಾಮಾನ್ಯ ಸದಸ್ಯರಿಗೆ ಮಂಡಳಿಯನ್ನು ಆರಿಸುವ ಹಕ್ಕಿರಲಿಲ್ಲ.

ಪತ್ರಿಕಾರಂಗವೂ ಆಗ ನಿರ್ಬಂಧಗಳ ನಡುವೆ ಉಸಿರಾಡುತ್ತಿತ್ತು. 1815ರಿಂದ ಸುದ್ದಿಪತ್ರಿಕೆಯ ಪ್ರತಿಯೊಂದು ಪ್ರತಿಗೂ 4 ಪೆನ್ಸ್ ಮುದ್ರಾಂಕ ತೆರಿಗೆ ಬೀಳುತ್ತಿತ್ತು. ಬಡವರ ಕೈಗೆ ರಾಜಕೀಯ ಬರಹ ಸಿಗದಿರಲೆಂಬುದೇ ಈ ತೆರಿಗೆಯ ಉದ್ದೇಶವೆಂದು ಸುಧಾರಣಾವಾದಿಗಳು ಆರೋಪಿಸಿ, ಅದನ್ನು ಜ್ಞಾನದ ಮೇಲಿನ ತೆರಿಗೆ ಎಂದು ಕರೆದರು. 1836ರಲ್ಲಿ ಇದು 1 ಪೆನ್ನಿಗೆ ಇಳಿಯಿತು, 1855ರಲ್ಲಿ ರದ್ದಾಯಿತು. ಪೊಲಿಟಿಕಲ್ ರಿಜಿಸ್ಟರ್ ಪತ್ರಿಕೆಯ ಸಂಪಾದಕ ವಿಲಿಯಂ ಕಾಬೆಟ್ ಈ ಕಾಲದ ಅತ್ಯಂತ ಹೆಸರಾಂತ ರಾಜಕೀಯ ಬರಹಗಾರ. ಆತನ ಸ್ನೇಹ ಮತ್ತು ನೇರ, ಖಾರವಾದ ಬರವಣಿಗೆಯ ರೀತಿ ವೇಕ್ಲಿಯ ಮೇಲೆ ಗಾಢ ಪ್ರಭಾವ ಬೀರಿದವು.

ಸ್ಥಾಪಕ

ವೇಕ್ಲಿ ಹುಟ್ಟಿದ್ದು 1795ರ ಜುಲೈ 11ರಂದು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಮೆಂಬರಿ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಟಾಂಟನ್ ಊರಿನ ಔಷಧ ವ್ಯಾಪಾರಿಯೊಬ್ಬನ ಬಳಿ ಶಿಷ್ಯವೃತ್ತಿ ಆರಂಭಿಸಿ, ನಂತರ ಲಂಡನ್ನಿನಲ್ಲಿ ಕಲಿತು, 1817ರಲ್ಲಿ ರಾಯಲ್ ಕಾಲೇಜಿನ ಸದಸ್ಯತ್ವ ಪಡೆದನು. ಮದುವೆಯಾದ ವರ್ಷವೇ, ಅಂದರೆ 1820ರ ಆಗಸ್ಟ್‌ನಲ್ಲಿ, ಅಪರಿಚಿತರು ಅವನ ಮೇಲೆ ಹಲ್ಲೆ ನಡೆಸಿದರು, ಮನೆ ಸುಟ್ಟುಹೋಯಿತು. ಆ ವರ್ಷದ ಮೇ ತಿಂಗಳಲ್ಲಿ ಕೇಟೋ ಸ್ಟ್ರೀಟ್ ಪಿತೂರಿಗಾರರನ್ನು ಗಲ್ಲಿಗೇರಿಸಿ, ಮುಸುಕು ಹಾಕಿದ ವ್ಯಕ್ತಿಯೊಬ್ಬನಿಂದ ಶವಗಳ ಶಿರಚ್ಛೇದ ಮಾಡಿಸಲಾಗಿತ್ತು. ಆ ಮುಸುಕುಧಾರಿ ವೇಕ್ಲಿಯೇ ಎಂಬ ಸುಳ್ಳು ಸುದ್ದಿ ಹಲ್ಲೆಗೆ ಕಾರಣವೆಂದು ಹೇಳಲಾಗಿದೆ. ಮನೆಗೆ ತಾನೇ ಬೆಂಕಿ ಹಚ್ಚಿಕೊಂಡನೆಂದು ವಿಮಾ ಕಂಪನಿ ದೂರಿತು. ವೇಕ್ಲಿ ನ್ಯಾಯಾಲಯಕ್ಕೆ ಹೋಗಿ ಗೆದ್ದನಾದರೂ ವೈದ್ಯವೃತ್ತಿ ನೆಲಕಚ್ಚಿತ್ತು. ಪತ್ರಿಕೋದ್ಯಮದ ಕಡೆಗೆ ಅವನು ಹೊರಳಿದ್ದು ಈ ಸನ್ನಿವೇಶದಲ್ಲಿ.

ಉಪನ್ಯಾಸಗಳ ಪ್ರಕಟಣೆ

6 ಪೆನ್ಸ್ ಬೆಲೆಯ ಮೊದಲ ಸಂಚಿಕೆಯಲ್ಲಿಯೇ ಅಂದಿನ ಅಗ್ರಗಣ್ಯ ಶಸ್ತ್ರವೈದ್ಯ ಸರ್ ಆಸ್ಟ್ಲಿ ಕೂಪರನ ಉಪನ್ಯಾಸ ಅಚ್ಚಾಯಿತು. ಹೆಚ್ಚಿನ ಶುಲ್ಕ ಕೊಟ್ಟು ಕೇಳಬೇಕಿದ್ದ ಪಾಠ ಹಳ್ಳಿಗಾಡಿನ ವೈದ್ಯನಿಗೂ ಕೆಲವೇ ಕಾಸಿಗೆ ಸಿಗುವಂತಾಯಿತು. ಉಪನ್ಯಾಸಕನ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ಸಭಿಕರ ನಡುವೆ ಕುಳಿತು ಬರೆದುಕೊಂಡ ಟಿಪ್ಪಣಿಗಳೇ ಆಧಾರವಾಗಿದ್ದವು. ಇದರ ಹಿಂದಿರುವವನು ತನ್ನ ಹಳೆಯ ವಿದ್ಯಾರ್ಥಿ ವೇಕ್ಲಿ ಎಂದು ತಿಳಿದ ಕೂಪರ್, ತನ್ನ ಹೆಸರನ್ನು ಕೈಬಿಡುವುದಾದರೆ ಪ್ರಕಟಣೆಗೆ ಅಡ್ಡಿಯಿಲ್ಲವೆಂದು ಒಪ್ಪಿಕೊಂಡನು.

ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಜಾನ್ ಅಬರ್ನೆಥಿ ಒಪ್ಪಲಿಲ್ಲ. ಆತ ಹೂಡಿದ ಮೊಕದ್ದಮೆ ಕೃತಿಸ್ವಾಮ್ಯದ ಚರಿತ್ರೆಯಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಬರಹರೂಪದಲ್ಲಿರದೆ ಬಾಯಿಮಾತಿನಲ್ಲಿ ಹೇಳಿದ ಪಾಠ ಯಾರ ಸ್ವತ್ತು ಎಂಬುದೇ ಪ್ರಶ್ನೆ. ನ್ಯಾಯಾಧೀಶ ಲಾರ್ಡ್ ಎಲ್ಡನ್ ಮೊದಲು ತಡೆಯಾಜ್ಞೆ ನೀಡಲು ಹಿಂಜರಿದನು. 1825ರಲ್ಲಿ, ಪಾಠ ಕೇಳಲು ಬಂದ ವಿದ್ಯಾರ್ಥಿ ಅದನ್ನು ತನ್ನ ಕಲಿಕೆಗೆ ಬಳಸಬಹುದೇ ಹೊರತು ಲಾಭಕ್ಕಾಗಿ ಅಚ್ಚುಹಾಕಿಸಬಾರದೆಂಬ ಒಪ್ಪಂದ ಬಾಯಿಬಿಟ್ಟು ಹೇಳದಿದ್ದರೂ ಅಡಕವಾಗಿದೆ ಎಂಬ ನೆಲೆಯಲ್ಲಿ ಆಜ್ಞೆ ಹೊರಡಿಸಿದನು. ಉಪನ್ಯಾಸಕರಿಗೆ ಸ್ಪಷ್ಟವಾದ ಹಕ್ಕು ಕೊಡುವ ಕಾಯಿದೆ 1835ರಲ್ಲಿ ಜಾರಿಗೆ ಬಂದಿತು. ವೇಕ್ಲಿಯ ಪ್ರತಿವಾದ ಸರಳವಾಗಿತ್ತು: ಸಾರ್ವಜನಿಕ ಆಸ್ಪತ್ರೆಯ ಹುದ್ದೆಯಲ್ಲಿದ್ದುಕೊಂಡು, ಪ್ರಮಾಣಪತ್ರಕ್ಕೆ ಕಡ್ಡಾಯವಾದ ಪಾಠ ಹೇಳುವವನ ಮಾತು ಖಾಸಗಿ ಸ್ವತ್ತಾಗಲಾರದು.

ಬ್ರಾನ್ಸ್‌ಬಿ ಕೂಪರ್ ಮೊಕದ್ದಮೆ

ಪತ್ರಿಕೆಯ ಮುಂದಿನ ಹೆಜ್ಜೆ ಇನ್ನೂ ತೀಕ್ಷ್ಣವಾಗಿತ್ತು. ಆಸ್ಪತ್ರೆಗಳಲ್ಲಿ ನಡೆದ ಶಸ್ತ್ರಚಿಕಿತ್ಸೆಗಳ ವರದಿಗಳನ್ನು ವೈದ್ಯರ ಹೆಸರಿನೊಂದಿಗೆ ಪ್ರಕಟಿಸತೊಡಗಿತು. 1828ರ ಮಾರ್ಚ್‌ನಲ್ಲಿ ಗೈಸ್ ಆಸ್ಪತ್ರೆಯಲ್ಲಿ ಸಸೆಕ್ಸ್ ಪ್ರಾಂತ್ಯದ ಕೂಲಿಕಾರನೊಬ್ಬನ ಮೂತ್ರಕೋಶದಿಂದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆ ನಡೆಯಿತು. ಅರಿವಳಿಕೆ ಇನ್ನೂ ಬಳಕೆಗೆ ಬಂದಿರದ ಕಾಲವದು. ಕೈಪಳಗಿದವರು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಿದ್ದ ಕೆಲಸ ಹೆಚ್ಚುಕಡಿಮೆ ಒಂದು ಗಂಟೆ ಎಳೆಯಿತು. ಕೈಕಾಲು ಕಟ್ಟಿಸಿಕೊಂಡಿದ್ದ ರೋಗಿ ಅಷ್ಟು ಹೊತ್ತೂ ಎಚ್ಚರದಲ್ಲಿದ್ದು, ಮರುದಿನ ಸತ್ತನು. ಶಸ್ತ್ರ ಹಿಡಿದಿದ್ದ ಬ್ರಾನ್ಸ್‌ಬಿ ಕೂಪರ್ ಸರ್ ಆಸ್ಟ್ಲಿ ಕೂಪರನ ಸೋದರನ ಮಗ.

ಪತ್ರಿಕೆಯು ಈ ಶಸ್ತ್ರಚಿಕಿತ್ಸೆಯನ್ನು ದುರಂತ ನಾಟಕದ ಅಂಕಗಳ ಮಾದರಿಯಲ್ಲಿ ವರ್ಣಿಸಿತು. ವೈದ್ಯನಿಗೆ ಹುದ್ದೆ ಸಿಕ್ಕಿದ್ದು ಯೋಗ್ಯತೆಯಿಂದಲ್ಲ, ಬಂಧುತ್ವದಿಂದ ಎಂದು ಸೂಚಿಸಿತು. ಕೂಪರ್ 2,000 ಪೌಂಡ್ ಪರಿಹಾರ ಕೋರಿ ಮಾನನಷ್ಟ ಮೊಕದ್ದಮೆ ಹೂಡಿದನು. ಡಿಸೆಂಬರ್‌ನಲ್ಲಿ ನಡೆದ ವಿಚಾರಣೆಯಲ್ಲಿ ವೇಕ್ಲಿ ತನ್ನ ಪರವಾಗಿ ತಾನೇ ವಾದಿಸಿದನು. ಜ್ಯೂರಿಯ ತೀರ್ಪು ಕೂಪರನ ಪರವಾಗಿ ಬಂದಿತು. ಆದರೆ ದೊರೆತ ಪರಿಹಾರ 100 ಪೌಂಡ್ ಮಾತ್ರ. ವೇಕ್ಲಿಯ ಖರ್ಚನ್ನು ಸಾರ್ವಜನಿಕರು ವಂತಿಗೆ ಎತ್ತಿ ಭರಿಸಿದರು. ಕಾನೂನಿನಲ್ಲಿ ಸೋತರೂ, ಆಸ್ಪತ್ರೆಯೊಳಗಿನ ಸಾವು ಸಾರ್ವಜನಿಕ ವಿಚಾರಣೆಗೆ ಒಳಪಡಬಹುದೆಂಬ ಭಾವನೆಯನ್ನು ಪತ್ರಿಕೆ ಜನರ ಮನಸ್ಸಿನಲ್ಲಿ ನೆಲೆಗೊಳಿಸಿತು.

ಸಂಸತ್ತು ಮತ್ತು ಮರಣ ವಿಚಾರಣೆ

ವೇಕ್ಲಿ 1835ರಿಂದ 1852ರವರೆಗೆ ಲಂಡನ್ನಿನ ಫಿನ್ಸ್‌ಬರಿ ಕ್ಷೇತ್ರದ ಸಂಸತ್ ಸದಸ್ಯನಾಗಿದ್ದನು. ಕೂಲಿ ಕಡಿತದ ವಿರುದ್ಧ ಸಂಘ ಕಟ್ಟಿ, ರಹಸ್ಯ ಪ್ರಮಾಣ ಸ್ವೀಕರಿಸಿದ ಆರೋಪದ ಮೇಲೆ 1834ರಲ್ಲಿ ಆಸ್ಟ್ರೇಲಿಯಕ್ಕೆ ಗಡೀಪಾರಾದ ಟೋಲ್‌ಪಡಲ್ ಗ್ರಾಮದ ಆರು ಮಂದಿ ಕೃಷಿ ಕಾರ್ಮಿಕರ ಪರವಾಗಿ 1835ರ ಜೂನ್‌ನಲ್ಲಿ ಆತ ಮಾಡಿದ ಭಾಷಣ ಹೆಸರಾಯಿತು. ಮರುವರ್ಷ ಅವರಿಗೆ ಕ್ಷಮಾದಾನ ದೊರೆಯಿತು.

ಅಸಹಜ ಸಾವುಗಳ ಕಾರಣವನ್ನು ಜ್ಯೂರಿಯ ನೆರವಿನಿಂದ ನಿರ್ಣಯಿಸುವ ಅಧಿಕಾರಿಯನ್ನು ಇಂಗ್ಲೆಂಡಿನಲ್ಲಿ ಕೊರೋನರ್ ಎನ್ನುತ್ತಾರೆ. ಅಂದು ಈ ಹುದ್ದೆಯಲ್ಲಿ ಸಾಮಾನ್ಯವಾಗಿ ವಕೀಲರೇ ಇರುತ್ತಿದ್ದರು. ಸಾವಿನ ಕಾರಣ ತಿಳಿಯಲು ವೈದ್ಯಜ್ಞಾನ ಬೇಕೆಂದು ಪತ್ರಿಕೆಯಲ್ಲಿ ವಾದಿಸುತ್ತ ಬಂದ ವೇಕ್ಲಿ 1839ರಲ್ಲಿ ಪಶ್ಚಿಮ ಮಿಡ್ಲ್‌ಸೆಕ್ಸ್‌ನ ಕೊರೋನರ್ ಆಗಿ ಆಯ್ಕೆಯಾದನು. 1846ರಲ್ಲಿ ಹೌನ್ಸ್‌ಲೋ ಸೇನಾ ಶಿಬಿರದ ಫ್ರೆಡರಿಕ್ ಜಾನ್ ವೈಟ್ ಎಂಬ ಸೈನಿಕ 150 ಛಡಿಯೇಟು ತಿಂದು, ಕೆಲವು ವಾರಗಳ ನಂತರ ಸತ್ತನು. ಶಿಕ್ಷೆಗೂ ಸಾವಿಗೂ ಸಂಬಂಧವಿಲ್ಲವೆಂದು ಸೇನಾ ವೈದ್ಯರು ಬರೆದುಕೊಟ್ಟಿದ್ದರು. ವೇಕ್ಲಿ ಹೊರಗಿನ ತಜ್ಞನಿಂದ ಶವಪರೀಕ್ಷೆ ಮಾಡಿಸಿದನು. ಛಡಿಯೇಟೇ ಸಾವಿಗೆ ಕಾರಣವೆಂದು ಜ್ಯೂರಿ ನಿರ್ಣಯಿಸಿತು. ಅದೇ ವರ್ಷ ಸೇನೆಯಲ್ಲಿ ಗರಿಷ್ಠ ಶಿಕ್ಷೆಯನ್ನು 50 ಏಟುಗಳಿಗೆ ಇಳಿಸಲಾಯಿತು. 1881ರಲ್ಲಿ ಈ ಶಿಕ್ಷೆಯೇ ಸೇನೆಯಿಂದ ರದ್ದಾಯಿತು.

ಮೆಸ್ಮರಿಸಂ ಪರೀಕ್ಷೆ

1830ರ ದಶಕದಲ್ಲಿ ಲಂಡನ್ನಿನ ವೈದ್ಯಕೀಯ ಪ್ರಾಧ್ಯಾಪಕ ಜಾನ್ ಎಲಿಯಟ್ಸನ್ ಮೆಸ್ಮರಿಸಂ ಎಂಬ ಸಮ್ಮೋಹನ ವಿಧಾನವನ್ನು ಪ್ರಚಾರ ಮಾಡುತ್ತಿದ್ದನು. ನಿಕ್ಕಲ್ ಲೋಹದ ಮೂಲಕ ಸಮ್ಮೋಹನ ಶಕ್ತಿ ಹರಿಯುತ್ತದೆ, ಸೀಸದ ಮೂಲಕ ಹರಿಯುವುದಿಲ್ಲ ಎಂಬುದು ಅವನ ನಂಬಿಕೆ. 1838ರ ಆಗಸ್ಟ್‌ನಲ್ಲಿ ವೇಕ್ಲಿ ತನ್ನ ಮನೆಯಲ್ಲಿಯೇ ಪರೀಕ್ಷೆ ಏರ್ಪಡಿಸಿದನು. ನಿಕ್ಕಲ್ಲಿಗೆ ಬದಲಾಗಿ ಗುಟ್ಟಾಗಿ ಸೀಸವನ್ನು ಬಳಸಿದಾಗಲೂ, ಅದು ನಿಕ್ಕಲ್ಲೆಂದು ಭಾವಿಸಿದ ಯುವತಿ ಮೊದಲಿನಂತೆಯೇ ಸಮ್ಮೋಹಿತಳಾದಳು. ಫಲಿತಾಂಶ ಪತ್ರಿಕೆಯಲ್ಲಿ ಅಚ್ಚಾಯಿತು. ವರ್ಷಾಂತ್ಯದಲ್ಲಿ ಎಲಿಯಟ್ಸನ್ ಹುದ್ದೆಗೆ ರಾಜೀನಾಮೆ ನೀಡಿದನು. ಪರೀಕ್ಷೆಗೆ ಒಳಗಾದವರಿಗೆ ಏನು ಕೊಡಲಾಗಿದೆ ಎಂಬುದನ್ನು ತಿಳಿಸದೆ ಸತ್ಯವನ್ನು ಅರಸುವ ವಿಧಾನಕ್ಕೆ ಇದೊಂದು ಆರಂಭಿಕ ಉದಾಹರಣೆ.

ಆಹಾರ ಕಲಬೆರಕೆ

1831ರಲ್ಲಿ ವಿಲಿಯಂ ಬ್ರೂಕ್ ಓಷಾಗ್ನೆಸಿ ಎಂಬ ಯುವವೈದ್ಯ ಮಕ್ಕಳ ಮಿಠಾಯಿಗಳಲ್ಲಿ ಸೀಸ, ತಾಮ್ರ, ಪಾದರಸಗಳ ವಿಷಕಾರಿ ಬಣ್ಣಗಳಿರುವುದನ್ನು ಈ ಪತ್ರಿಕೆಯಲ್ಲಿ ಬಯಲಿಗೆಳೆದನು. ಎರಡು ದಶಕಗಳ ನಂತರ ವೇಕ್ಲಿ ಇನ್ನೂ ವ್ಯಾಪಕವಾದ ತನಿಖೆಗೆ ಕೈಹಾಕಿದನು. 1851ರಿಂದ 1854ರವರೆಗೆ ಡಾ. ಆರ್ಥರ್ ಹಿಲ್ ಹ್ಯಾಸಲ್ ಲಂಡನ್ನಿನ ಅಂಗಡಿಗಳಿಂದ ಆಹಾರ ಪದಾರ್ಥಗಳನ್ನು ಕೊಂಡುತಂದು, ಸೂಕ್ಷ್ಮದರ್ಶಕದಿಂದಲೂ ರಾಸಾಯನಿಕವಾಗಿಯೂ ಪರೀಕ್ಷಿಸಿದನು. ಪರೀಕ್ಷೆಗೊಳಪಟ್ಟ ಮಾದರಿಗಳ ಸಂಖ್ಯೆ ಎರಡು ಸಾವಿರವನ್ನು ದಾಟಿತು. ಬ್ರೆಡ್ಡಿನಲ್ಲಿ ಪಟಿಕ, ಕಾಫಿಪುಡಿಯಲ್ಲಿ ಚಿಕೋರಿ, ಹಾಲಿನಲ್ಲಿ ನೀರು, ಉಪ್ಪಿನಕಾಯಿಯಲ್ಲಿ ತಾಮ್ರ, ಮಿಠಾಯಿಯಲ್ಲಿ ಸೀಸದ ಬಣ್ಣ ಕಂಡುಬಂದವು.

ಪತ್ರಿಕೆ ಫಲಿತಾಂಶದೊಂದಿಗೆ ಅಂಗಡಿಕಾರರ ಹೆಸರನ್ನೂ ವಿಳಾಸವನ್ನೂ ಪ್ರಕಟಿಸಿತು. ಕಲಬೆರಕೆ ಇಲ್ಲದ ಪದಾರ್ಥ ಮಾರುತ್ತಿದ್ದವರ ಹೆಸರುಗಳನ್ನೂ ಕೊಟ್ಟಿತು. 1855ರಲ್ಲಿ ಸಂಸತ್ತು ಈ ಬಗ್ಗೆ ಸಮಿತಿ ರಚಿಸಿತು. 1858ರಲ್ಲಿ ಬ್ರಾಡ್‌ಫರ್ಡ್ ನಗರದಲ್ಲಿ ಮಿಠಾಯಿಗೆ ತಪ್ಪಾಗಿ ಆರ್ಸೆನಿಕ್ ಬೆರೆತು ಸುಮಾರು 20 ಮಂದಿ ಸತ್ತ ಘಟನೆ ಒತ್ತಡವನ್ನು ಹೆಚ್ಚಿಸಿತು. 1860ರ ಮೊದಲ ಕಾಯಿದೆ ದುರ್ಬಲವಾಗಿತ್ತು; ಪರೀಕ್ಷಕರನ್ನು ನೇಮಿಸುವುದು ಸ್ಥಳೀಯ ಆಡಳಿತಗಳ ಇಚ್ಛೆಗೆ ಬಿಟ್ಟಿತ್ತು. 1875ರ ಆಹಾರ ಮತ್ತು ಔಷಧ ಮಾರಾಟ ಕಾಯಿದೆ ಬಂದ ಮೇಲೆ ನಿಯಂತ್ರಣ ಬಲಗೊಂಡಿತು.

ಸಾಹಿತ್ಯದೊಂದಿಗೆ ನಂಟು

ಆರಂಭದ ಸಂಚಿಕೆಗಳಲ್ಲಿ ವೈದ್ಯಕೀಯ ವಿಷಯಗಳೊಡನೆ ನಾಟಕ ವಿಮರ್ಶೆ ಮತ್ತು ಚದುರಂಗದ ಸಮಸ್ಯೆಗಳೂ ಇರುತ್ತಿದ್ದವು. 1840ರಲ್ಲಿ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ವೇಕ್ಲಿ ನಡೆಸಿದ ಮರಣ ವಿಚಾರಣೆಯೊಂದರಲ್ಲಿ ಜ್ಯೂರಿಯ ಸದಸ್ಯನಾಗಿದ್ದನು. ಹಸುಗೂಸಿನ ಸಾವಿನ ಆರೋಪ ಹೊತ್ತ ಮನೆಗೆಲಸದ ಹುಡುಗಿಯ ಪ್ರಕರಣವದು. ಕಠಿಣ ಮನಸ್ಸಿನ ಸಹಸದಸ್ಯರ ನಡುವೆ ತಾನು ಕರುಣೆಯ ಪಕ್ಷ ವಹಿಸಿದುದನ್ನೂ ವೇಕ್ಲಿ ತನಗೆ ಒತ್ತಾಸೆಯಾದುದನ್ನೂ ಡಿಕನ್ಸ್ ವರ್ಷಗಳ ನಂತರ ದಿ ಅನ್‌ಕಮರ್ಷಿಯಲ್ ಟ್ರಾವೆಲರ್ ಸಂಕಲನದ ಪ್ರಬಂಧವೊಂದರಲ್ಲಿ ನೆನೆದಿದ್ದಾನೆ. ಜಾರ್ಜ್ ಎಲಿಯಟ್ ಬರೆದ ಮಿಡ್ಲ್‌ಮಾರ್ಚ್ (1871–72) ಕಾದಂಬರಿಯಲ್ಲಿ ಕೊರೋನರ್ ವೈದ್ಯನಾಗಿರಬೇಕೇ ಎಂಬ ಚರ್ಚೆ ನಡೆಯುವಾಗ ವೇಕ್ಲಿಯ ಹೆಸರು ಬರುತ್ತದೆ.

ಕೃತಿಸ್ವಾಮ್ಯದ ವಿಷಯದಲ್ಲಿ ಮಾತ್ರ ವೇಕ್ಲಿ ಸಾಹಿತಿಗಳ ಎದುರು ಪಾಳೆಯದಲ್ಲಿದ್ದನು. ಲೇಖಕರ ಹಕ್ಕಿನ ಅವಧಿಯನ್ನು ವಿಸ್ತರಿಸಬೇಕೆಂದು ಕವಿ ವಿಲಿಯಂ ವರ್ಡ್ಸ್‌ವರ್ತ್ ಮೊದಲಾದವರು ಒತ್ತಾಯಿಸುತ್ತಿದ್ದರು. 1842ರ ಸಂಸತ್ ಚರ್ಚೆಯಲ್ಲಿ ವೇಕ್ಲಿ ಮಸೂದೆಯನ್ನು ವಿರೋಧಿಸಿ, ವರ್ಡ್ಸ್‌ವರ್ತನ ಸಾಲುಗಳನ್ನೇ ಓದಿ ಗೇಲಿ ಮಾಡಿದನು. ಆದರೂ ಮಸೂದೆ ಅಂಗೀಕಾರವಾಯಿತು. ಲೇಖಕನ ಜೀವಿತಾವಧಿ ಮತ್ತು ಅನಂತರದ 7 ವರ್ಷ, ಇಲ್ಲವೇ ಪ್ರಕಟಣೆಯಿಂದ 42 ವರ್ಷ, ಇವೆರಡರಲ್ಲಿ ಹೆಚ್ಚಿನದು ಕೃತಿಸ್ವಾಮ್ಯದ ಅವಧಿಯೆಂದು ನಿಗದಿಯಾಯಿತು. ಅಬರ್ನೆಥಿ ಪ್ರಕರಣದಲ್ಲಿ ವೈದ್ಯರ ಪಾಠವನ್ನು ಕುರಿತು ತಳೆದ ನಿಲುವು ಈ ವಿರೋಧದೊಂದಿಗೆ ಹೊಂದುತ್ತದೆ: ಎರಡೂ ಕಡೆ ವೇಕ್ಲಿ ಬರೆದವನ ಹಕ್ಕಿಗಿಂತ ಓದುವವನ ಅಗತ್ಯದ ಕಡೆಗೆ ವಾಲಿದ್ದನು.

ಪ್ರಮುಖ ವೈದ್ಯಕೀಯ ಪ್ರಕಟಣೆಗಳು

ವೈದ್ಯಕೀಯ ಚರಿತ್ರೆಯ ಹಲವು ಮೈಲಿಗಲ್ಲುಗಳು ಈ ಪತ್ರಿಕೆಯಲ್ಲಿ ದಾಖಲಾಗಿವೆ.

1829: ಹೆರಿಗೆಯ ನಂತರದ ರಕ್ತಸ್ರಾವದಿಂದ ಬಳಲುತ್ತಿದ್ದ ಮಹಿಳೆಗೆ ಮನುಷ್ಯ ರಕ್ತವನ್ನು ನೀಡಿ ಉಳಿಸಿದ ಬಗ್ಗೆ ಜೇಮ್ಸ್ ಬ್ಲಂಡೆಲ್‌ನ ವರದಿ.

1832: ಕಾಲರಾ ರೋಗಿಗಳ ರಕ್ತನಾಳಕ್ಕೆ ಲವಣದ್ರಾವಣ ನೀಡಿದ ಬಗ್ಗೆ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾನ ಪತ್ರ. ಇಂದಿನ ಡ್ರಿಪ್ ಚಿಕಿತ್ಸೆಯ ಮೂಲ ಇಲ್ಲಿದೆ.

1867: ಕಾರ್ಬಾಲಿಕ್ ಆಮ್ಲ ಬಳಸಿ ಗಾಯ ಕೀವುಗಟ್ಟದಂತೆ ತಡೆಯುವ ಜೋಸೆಫ್ ಲಿಸ್ಟರ್‌ನ ನಂಜುನಿರೋಧಕ ವಿಧಾನ.

1940: ಇಲಿಗಳ ಮೇಲೆ ಪೆನಿಸಿಲಿನ್ ಪರಿಣಾಮವನ್ನು ಕುರಿತು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಸಂಗಡಿಗರ ಲೇಖನ.

1961: ಗರ್ಭಿಣಿಯರು ಸೇವಿಸುತ್ತಿದ್ದ ಥಾಲಿಡೊಮೈಡ್ ಔಷಧಕ್ಕೂ ಶಿಶುಗಳ ಅಂಗವೈಕಲ್ಯಕ್ಕೂ ಸಂಬಂಧವಿರುವ ಶಂಕೆಯನ್ನು ಎತ್ತಿದ ಆಸ್ಟ್ರೇಲಿಯದ ವೈದ್ಯ ವಿಲಿಯಂ ಮೆಕ್‌ಬ್ರೈಡ್‌ನ ಪತ್ರ.

1978: ಜಗತ್ತಿನ ಮೊದಲ ಪ್ರನಾಳ ಶಿಶುವಿನ ಜನನವನ್ನು ಕುರಿತು ಸ್ಟೆಪ್ಟೋ ಮತ್ತು ಎಡ್ವರ್ಡ್ಸ್ ಬರೆದ ಪತ್ರ.

ಒಡೆತನ

ವೇಕ್ಲಿ 1862ರಲ್ಲಿ ಮಡೈರಾ ದ್ವೀಪದಲ್ಲಿ ತೀರಿಕೊಂಡ ನಂತರ ಪತ್ರಿಕೆಯ ಸಂಪಾದಕತ್ವ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಅವನ ಕುಟುಂಬದಲ್ಲಿಯೇ ಉಳಿಯಿತು. 1909ರಲ್ಲಿ ಸ್ಕ್ವೈರ್ ಸ್ಪ್ರಿಗ್ ಸಂಪಾದಕನಾದನು. 1921ರಲ್ಲಿ ಹಾಡರ್ ಅಂಡ್ ಸ್ಟೌಟನ್ ಪ್ರಕಾಶನ ಸಂಸ್ಥೆ ಪತ್ರಿಕೆಯನ್ನು ಕೊಂಡಿತು. 1991ರಿಂದ ಇದು ಎಲ್ಸೆವಿಯರ್ ಸಂಸ್ಥೆಯ ಒಡೆತನದಲ್ಲಿದೆ. 1995ರಲ್ಲಿ ರಿಚರ್ಡ್ ಹಾರ್ಟನ್ ಸಂಪಾದಕರಾದರು. 1840ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 1857ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಹೆಸರು ಪಡೆದ ವಾರಪತ್ರಿಕೆ ಇದರ ದೀರ್ಘಕಾಲದ ಪ್ರತಿಸ್ಪರ್ಧಿ.

ಭಾರತದೊಂದಿಗೆ ಸಂಬಂಧ

ಮಿಠಾಯಿಯ ವಿಷವನ್ನು ಪತ್ತೆಹಚ್ಚಿದ ಓಷಾಗ್ನೆಸಿ 1833ರಲ್ಲಿ ಕಲ್ಕತ್ತೆಗೆ ಬಂದು, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. 1850ರ ದಶಕದಲ್ಲಿ ಭಾರತದ ತಂತಿ ವ್ಯವಸ್ಥೆಯನ್ನು ಕಟ್ಟಿದವನೂ ಅವನೇ. 2010ರಲ್ಲಿ ಈ ಪತ್ರಿಕಾ ಸಮೂಹದ ಸೋಂಕುರೋಗಗಳ ನಿಯತಕಾಲಿಕೆಯಲ್ಲಿ ಪ್ರಕಟವಾದ ಲೇಖನ, ಬಹುತೇಕ ಪ್ರತಿಜೀವಕಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನು ಕುರಿತದ್ದಾಗಿತ್ತು. ಅವುಗಳಲ್ಲಿನ ಕಿಣ್ವಕ್ಕೆ ನವದೆಹಲಿಯ ಹೆಸರಿಟ್ಟಿದ್ದನ್ನು ಭಾರತ ಸರ್ಕಾರ ಆಕ್ಷೇಪಿಸಿತು. 2011ರಲ್ಲಿ ಹಾರ್ಟನ್ ಆ ಹೆಸರಿನ ಬಗ್ಗೆ ಕ್ಷಮೆ ಕೋರಿದರು. 2017ರಲ್ಲಿ ಭಾರತದ ಪ್ರತಿಯೊಂದು ರಾಜ್ಯದ ರೋಗಭಾರವನ್ನು ಬೇರೆಬೇರೆಯಾಗಿ ಅಳೆದ ಅಧ್ಯಯನ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದರಲ್ಲಿ ಸಹಭಾಗಿಯಾಗಿತ್ತು.

ವಿವಾದಗಳು ಮತ್ತು ಹಿಂಪಡೆದ ಲೇಖನಗಳು

ರಾಜಕೀಯ ವಿಷಯಗಳಿಗೆ ಕೈಹಾಕುವ ಪರಂಪರೆ ಇಂದಿಗೂ ಮುಂದುವರಿದಿದೆ. ಇರಾಕ್ ಯುದ್ಧದ ಪರಿಣಾಮವಾಗಿ ಸುಮಾರು 6,55,000 ಹೆಚ್ಚುವರಿ ಸಾವುಗಳಾಗಿವೆಯೆಂದು ಅಂದಾಜಿಸಿದ 2006ರ ಲೇಖನವನ್ನು ಅಮೆರಿಕದ ಅಧ್ಯಕ್ಷರು ತಳ್ಳಿಹಾಕಿದರು. ಅಂದಾಜಿನ ವಿಧಾನದ ಬಗ್ಗೆ ಸಂಶೋಧಕರಲ್ಲಿಯೂ ಭಿನ್ನಾಭಿಪ್ರಾಯ ಉಂಟಾಯಿತು.

ಪತ್ರಿಕೆಯ ಹೆಸರಿಗೆ ಹೆಚ್ಚು ಧಕ್ಕೆ ತಂದದ್ದು 1998ರ ಫೆಬ್ರವರಿಯಲ್ಲಿ ಪ್ರಕಟವಾದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರ ಲೇಖನ. ಕೇವಲ 12 ಮಕ್ಕಳನ್ನು ಆಧರಿಸಿದ ಈ ಬರಹ ದಡಾರ, ಮಂಗನಬಾವು ಮತ್ತು ರೂಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭಯಕ್ಕೆ ಕಾರಣವಾಯಿತು. ಬ್ರಿಟನ್ನಿನಲ್ಲಿ ಲಸಿಕೆ ಹಾಕಿಸುವವರ ಪ್ರಮಾಣ ಇಳಿದು ದಡಾರ ಮರಳಿ ಹರಡಿತು. ಪತ್ರಕರ್ತ ಬ್ರಯನ್ ಡೀರ್ 2004ರಿಂದ ನಡೆಸಿದ ತನಿಖೆಯಲ್ಲಿ, ಲಸಿಕೆ ತಯಾರಕರ ವಿರುದ್ಧದ ಮೊಕದ್ದಮೆಗೆ ಸಂಬಂಧಿಸಿದಂತೆ ವೇಕ್‌ಫೀಲ್ಡ್ ವಕೀಲರಿಂದ ಹಣ ಪಡೆದಿದ್ದುದು ಬೆಳಕಿಗೆ ಬಂದಿತು. ಅದೇ ವರ್ಷ ಸಹಲೇಖಕರಲ್ಲಿ ಹೆಚ್ಚಿನವರು ಲೇಖನದ ವ್ಯಾಖ್ಯಾನದಿಂದ ಹಿಂದೆ ಸರಿದರು. ಪತ್ರಿಕೆ ಲೇಖನವನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರ ಫೆಬ್ರವರಿ 2ರಂದು, ಅಂದರೆ ಪ್ರಕಟಣೆಯ 12 ವರ್ಷಗಳ ನಂತರ. ಆ ವರ್ಷವೇ ವೇಕ್‌ಫೀಲ್ಡ್ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಹೊರಬಿದ್ದರು. ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ಅನೇಕ ದೇಶಗಳ ದೊಡ್ಡ ಅಧ್ಯಯನಗಳು ತೋರಿಸಿವೆ.

ಕೋವಿಡ್ ಸಂದರ್ಭದಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಅಪಾಯಕಾರಿಯೆಂದು ಸೂಚಿಸಿದ ಲೇಖನವೊಂದು 2020ರ ಮೇ 22ರಂದು ಪ್ರಕಟವಾಯಿತು. ಅದರ ಮೂಲ ಮಾಹಿತಿಯನ್ನು ಸ್ವತಂತ್ರ ಪರಿಶೀಲನೆಗೆ ಒದಗಿಸಲು ಸಾಧ್ಯವಾಗದ ಕಾರಣ ಜೂನ್ 4ರಂದೇ ಲೇಖನ ರದ್ದಾಯಿತು. ಮೊದಲ ಪ್ರಕರಣದಲ್ಲಿ ಪತ್ರಕರ್ತನೊಬ್ಬ, ಎರಡನೆಯದರಲ್ಲಿ ಬಹಿರಂಗವಾಗಿ ಪ್ರಶ್ನೆ ಎತ್ತಿದ ಹೊರಗಿನ ಸಂಶೋಧಕರು ದೋಷವನ್ನು ಬೆಳಕಿಗೆ ತಂದರು. ವೇಕ್ಲಿ ಲಂಡನ್ನಿನ ಆಸ್ಪತ್ರೆಗಳ ಮೇಲೆ ಪ್ರಯೋಗಿಸಿದ ಸಾರ್ವಜನಿಕ ಪರಿಶೀಲನೆಯ ಕ್ರಮ ಈ ಪ್ರಕರಣಗಳಲ್ಲಿ ಅವನು ಸ್ಥಾಪಿಸಿದ ಪತ್ರಿಕೆಗೇ ಅನ್ವಯವಾಯಿತು.